ಅಪ್‌ಡೇಟ್: ಅಮ್ಮನ ಸಿಒಪಿಡಿ, ಇನ್‌ಹೇಲರ್ ಶುರುವಾದ ಮೇಲೆ

ಬೀಡಿ, ಸಿಗರೇಟು ಮುಟ್ಟದ ಅಮ್ಮನಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಹೇಗೆ ಬಂತು, ಇನ್‌ಹೇಲರ್ ಹಿಡಿದರೆ ಚಟವಾಗುತ್ತದಾ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಧನ್ಯವಾದ.

ಸ್ಪೈರೋಮೆಟ್ರಿ (ಜೋರಾಗಿ ಊದಿಸಿ ಶ್ವಾಸಕೋಶ ಹೇಗಿದೆ ಎಂದು ಅಳೆಯುವ ಪರೀಕ್ಷೆ) ಆಯಿತು. ಶ್ವಾಸನಾಳ ಹಿಗ್ಗಿಸುವ ಔಷಧಿ ಎಳೆದುಕೊಂಡ ಮೇಲೂ, ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿಗೂ ಒಟ್ಟು ಊದಿದ ಗಾಳಿಗೂ ಇರುವ ಅನುಪಾತ 0.70ಕ್ಕಿಂತ ಕಡಿಮೆಯೇ ಬಂತು, ಹಾಗಾಗಿ ಕಾಯಿಲೆ ಖಚಿತ. ಕಾರಣ ಸೌದೆ ಒಲೆಯ ಹೊಗೆ ಎಂದರು ವೈದ್ಯರು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿದ್ದರೂ ಬಚ್ಚಲ ಹಂಡೆಗೆ ಬೆಳಗಾದರೆ ಉರಿ ಹಾಕುತ್ತಿದ್ದದ್ದು ಅಮ್ಮನೇ. ಈಗ ಸೋಲಾರ್ ಹಾಕಿಸಿದ್ದೇವೆ. ನನ್ನ ಮಟ್ಟಿಗೆ ಔಷಧಿಯಷ್ಟೇ ಮುಖ್ಯವಾದ ಕೆಲಸ ಇದು.

ಇನ್‌ಹೇಲರ್ ಚಟವಲ್ಲ. ಬಿಟ್ಟರೆ ಉಬ್ಬಸ ಮರಳುವುದು ಕಾಯಿಲೆ ಒಳಗೇ ಇರುವುದರಿಂದ. ಶ್ವಾಸನಾಳವನ್ನು ಹೆಚ್ಚು ಹೊತ್ತು ತೆರೆದಿಡುವ ಟಿಯೋಟ್ರೋಪಿಯಂ, ಫಾರ್ಮೊಟೆರಾಲ್ ಎರಡೂ ಇರುವ ಇನ್‌ಹೇಲರನ್ನು ದಿನಾ ತಪ್ಪದೆ ತೆಗೆದುಕೊಳ್ಳಬೇಕು. ತಕ್ಷಣದ ಉಸಿರಾಟದ ಕಷ್ಟಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್ ಬೇರೆ. ನಿಜವಾದ ವ್ಯತ್ಯಾಸ ಮಾಡಿದ್ದು ಸ್ಪೇಸರ್, ಅಂದರೆ ಇನ್‌ಹೇಲರ್‌ಗೆ ಜೋಡಿಸುವ, ಔಷಧಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೊಳವೆ. ಅಮ್ಮನಿಗೆ ಒತ್ತುವುದು, ಎಳೆಯುವುದು ಒಟ್ಟಿಗೆ ಆಗುತ್ತಿರಲಿಲ್ಲ, ಔಷಧಿಯೆಲ್ಲ ಗಂಟಲಲ್ಲೇ ಉಳಿಯುತ್ತಿತ್ತು. ಈಗ ನಿಧಾನವಾಗಿ ಎಳೆದು, ಹತ್ತರವರೆಗೆ ಎಣಿಸುವಷ್ಟು ಹೊತ್ತು ಉಸಿರು ಹಿಡಿಯುತ್ತಾರೆ. ದಯವಿಟ್ಟು ನಿಮ್ಮ ಮನೆಯ ಹಿರಿಯರು ಇನ್‌ಹೇಲರ್ ಎಳೆಯುವುದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ.

ಆಕ್ಸಿಜನ್ ಯಂತ್ರ ಕೊಳ್ಳುವ ಯೋಚನೆ ಕೈಬಿಟ್ಟೆವು. ಕೂತಾಗ ರಕ್ತದ ಆಕ್ಸಿಜನ್ ಮಟ್ಟ ಶೇ. 93 ತೋರಿಸುತ್ತದೆ. ಸಾಮಾನ್ಯವಾಗಿ 88 ಅಥವಾ ಅದಕ್ಕಿಂತ ಕೆಳಗೆ ನಿಂತುಬಿಟ್ಟರೆ ಮಾತ್ರ ಮನೆಯಲ್ಲಿ ದೀರ್ಘಕಾಲ ಕೊಡುತ್ತಾರಂತೆ.

ಏದುಸಿರು ಬಂದಾಗ ತುಟಿ ಕಿರಿದು ಮಾಡಿ ಮೆಲ್ಲಗೆ ಉಸಿರು ಬಿಡುವುದನ್ನು ಕಲಿತಿದ್ದಾರೆ. ಸಂಜೆ ನಡಿಗೆಯೂ ಶುರುವಾಗಿದೆ. ಫ್ಲೂ ಲಸಿಕೆ ಆಯಿತು, ನ್ಯುಮೋನಿಯಾ ತಡೆಯುವ ನ್ಯೂಮೋಕಾಕಲ್ ಲಸಿಕೆ ಮುಂದಿನ ತಿಂಗಳು.