ನಾಲ್ಕನೆಯ ತರಗತಿಯ ಭೂಗೋಳಕ್ಕೆ ಟಚ್ ಬೋರ್ಡ್: ಮಕ್ಕಳಿಗೆ ದಿಕ್ಕು ತಿಳಿಯುವಂತೆ ಬಳಸುವುದು ಹೇಗೆ?

ಪ್ರಶ್ನೆ: ಮುಳ್ಳೇರಿಯದ ಟೀಚರ್

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ನಾನು ನಾಲ್ಕನೆಯ ತರಗತಿಗೆ ಪಾಠ ಮಾಡುತ್ತಿದ್ದೇನೆ. ಹಳೆ ವಿದ್ಯಾರ್ಥಿಗಳು ಸೇರಿ ಈ ವರ್ಷ ನಮ್ಮ ತರಗತಿಗೆ ಟಚ್ ಬೋರ್ಡ್ ಕೊಡಿಸಿದ್ದಾರೆ. ಪರದೆಯ ಮೇಲಿನ ಭೂಗೋಳವನ್ನು ಬೆರಳಿನಿಂದ ತಿರುಗಿಸುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. ದೇಶಗಳ ಹೆಸರು ಹೊಂದಿಸುವ ಆಟದಲ್ಲಿ ಅವರು ತಪ್ಪುವುದೇ ಕಡಿಮೆ. ಆದರೆ ನಕ್ಷೆಯಲ್ಲಿ ಅರಬಿ ಸಮುದ್ರವನ್ನು ಸರಿಯಾಗಿ ಮುಟ್ಟಿದ ಮಗುವನ್ನೇ, ನಾವು ನಿಂತಲ್ಲಿಂದ ಕಡಲು ಯಾವ ಕಡೆಗಿದೆ ಎಂದು ಕೇಳಿದರೆ, ಅದು ಎಡಗಡೆಯ ಗೋಡೆಯತ್ತ ಕೈ ಚಾಚುತ್ತದೆ. ನಮ್ಮ ಬೋರ್ಡ್ ಇರುವುದು ದಕ್ಷಿಣದ ಗೋಡೆಯಲ್ಲಿ. ಅದರೆದುರು ನಿಂತವರ ಎಡಕ್ಕಿರುವುದು ಸುಳ್ಯದ ಕಡೆಯ ಗುಡ್ಡಗಳೇ ಹೊರತು ಕಡಲಲ್ಲ. ಉತ್ತರ ದಿಕ್ಕು ಎಲ್ಲಿ ಎಂದರೆ ಹೆಚ್ಚಿನವರು ತಲೆಯೆತ್ತಿ ಛಾವಣಿ ನೋಡುತ್ತಾರೆ. ಇದನ್ನು ಸರಿಪಡಿಸುವ ಪಾಠಕ್ರಮ ಯಾರಲ್ಲಾದರೂ ಇದೆಯೇ? ಕನ್ನಡದಲ್ಲಿ ಸಿಗುವ ಸಾಮಗ್ರಿಗಳ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕುಂಬಳೆಯ ನಿವೃತ್ತ ಅಧ್ಯಾಪಕ

ಟೀಚರ್, ನಿಮ್ಮ ಮಕ್ಕಳು ತಪ್ಪಿದ್ದಾರೆಂದು ನಾನು ಹೇಳಲಾರೆ. ನಕ್ಷೆಯ ಎಡಕ್ಕೆ ಕಡಲಿದ್ದುದನ್ನು ಕಂಡು ತಮ್ಮ ಎಡಕ್ಕೇ ಕೈ ತೋರಿಸಿದ್ದಾರೆ. ಗೋಡೆಯ ಮೇಲೆ ನಕ್ಷೆ ನೆಟ್ಟಗೆ ನಿಂತಿರುವ ತನಕ ಉತ್ತರವೆಂದರೆ ಮೇಲೆ ಎಂಬ ಭಾವನೆ ಹೋಗುವುದಿಲ್ಲ. ಆದ್ದರಿಂದ ಮೊದಲ ಕೆಲವು ಪಾಠಗಳು ಅಂಗಳದಲ್ಲಿ ಆಗಲಿ. ಒಂದು ನೇರವಾದ ಕೋಲನ್ನು ನೆಟ್ಟು ಅದರ ನೆರಳಿನ ತುದಿಯನ್ನು ಆಗಾಗ ಗುರುತು ಮಾಡಿಸಿ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ನಾವಿರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ಡಿಗ್ರಿಯೊಂದಕ್ಕೆ 4 ನಿಮಿಷದಂತೆ ಅರ್ಧ ಗಂಟೆಯ ವ್ಯತ್ಯಾಸವಿರುವುದರಿಂದ, ನಮ್ಮಲ್ಲಿ ನೆರಳು ಅತ್ಯಂತ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಸುಮಾರು 12.30ಕ್ಕೆ. ಆಗಿನ ನೆರಳೇ ಉತ್ತರ ದಕ್ಷಿಣದ ಗೆರೆ. ಡಿಸೆಂಬರಿನಲ್ಲಿ ಅದು ಉತ್ತರಕ್ಕೆ ಬೀಳುತ್ತದೆ. ಜೂನ್, ಜುಲೈಯಲ್ಲಿ ಮಳೆ ಬಿಡುವು ಕೊಟ್ಟ ದಿನ ನೋಡಿದರೆ ದಕ್ಷಿಣಕ್ಕೆ.

ಆ ಗೆರೆಯನ್ನು ತರಗತಿಯ ನೆಲಕ್ಕೆ ಮುಂದುವರಿಸಿ, ಅದಕ್ಕೆ ಸರಿಯಾಗಿ ಹೊಂದುವಂತೆ ಕಾಗದದ ನಕ್ಷೆಯನ್ನು ನೆಲದಲ್ಲಿ ಹಾಸಿ, ಮಕ್ಕಳನ್ನು ಸುತ್ತಲೂ ಕೂರಿಸಿ. ಬೋರ್ಡಿಗೆ ಬರುವಾಗ ಗೂಗಲ್ ಅರ್ಥ್‌ನ ನಕ್ಷೆಯನ್ನು ದಕ್ಷಿಣ ಮೇಲಕ್ಕೆ ಬರುವಂತೆ ತಿರುಗಿಸಿಡಿ. ಆಗ ಕಡಲು ಪರದೆಯ ಬಲಕ್ಕೆ ಬರುತ್ತದೆ, ನಿಮ್ಮ ತರಗತಿಯಲ್ಲಿ ಪಶ್ಚಿಮವಿರುವುದೂ ಬಲಕ್ಕೇ. ಛಾಪಿಸಿದ ನಕ್ಷೆಯನ್ನು ಹೀಗೆ ತಲೆಕೆಳಗಾಗಿ ತೂಗುಹಾಕಿದರೆ ಅಕ್ಷರಗಳೂ ತಲೆಕೆಳಗಾಗುತ್ತವೆ. ಅಕ್ಷರ ನೇರವಾಗಿಯೇ ಉಳಿದು ನಕ್ಷೆ ಮಾತ್ರ ತಿರುಗುವುದು ಯಂತ್ರದಿಂದ ಆದ ನಿಜವಾದ ಉಪಕಾರ. ಒಂದೆರಡು ವಾರಗಳ ಬಳಿಕ ಮಕ್ಕಳ ಕಣ್ಣೆದುರೇ ಉತ್ತರವನ್ನು ಮೇಲಕ್ಕೆ ತನ್ನಿ. ದೇಶಗಳ ಹೆಸರಿನ ಆಟ ಅಲ್ಲಿಯವರೆಗೆ ಕಾಯಲಿ. ನಾಲ್ಕನೆಯ ತರಗತಿಗೆ ಅದರ ಅವಸರವಿಲ್ಲ.

ಉತ್ತರ 2: ಬದಿಯಡ್ಕದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಟೀಚರ್

ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಸೇರಿಸಲು ಬಯಸುವುದು ಹೊಳೆಯ ಪಾಠವನ್ನು. ಕೇರಳದ ನಕ್ಷೆಯಲ್ಲಿ ರಾಜ್ಯದ ಗಡಿಯಾಚೆ ಬರೀ ಬಿಳಿ ಜಾಗವಿರುವುದರಿಂದ, ಚಂದ್ರಗಿರಿ ಹೊಳೆ ಗಡಿಯಲ್ಲಿಯೇ ಹುಟ್ಟಿತೆಂದು ಮಕ್ಕಳು ತಿಳಿಯುತ್ತಾರೆ. ಉಪಗ್ರಹ ಚಿತ್ರವನ್ನು ತೆರೆದು, ಕಾಸರಗೋಡು ಪೇಟೆಯ ಬಳಿಯ ಅಳಿವೆಯಿಂದ ಹೊರಟು, ಒಂದು ಮಗುವಿನ ಬೆರಳಿನಿಂದಲೇ ಹೊಳೆಯನ್ನು ಮೇಲಕ್ಕೆ ಹಿಂಬಾಲಿಸಿ. ಪಯಸ್ವಿನಿಯ ಕವಲು ಹಿಡಿದು ಅವರು ಸುಳ್ಯವನ್ನು ದಾಟಿ ಕೊಡಗಿನ ಬೆಟ್ಟಗಳನ್ನು ಮುಟ್ಟುತ್ತಾರೆ. ಸುಳ್ಯ, ಪುತ್ತೂರುಗಳಲ್ಲಿ ನೆಂಟರಿರುವ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಮಾವನ ಮನೆಯ ದಾರಿಯಲ್ಲಿ ಕಂಡ ಹೊಳೆಯೇ ಇದು ಎಂದು ಗೊತ್ತಾದ ಮೇಲೆ ಜಲಾನಯನ ಪ್ರದೇಶವನ್ನು, ಅಂದರೆ ಮಳೆನೀರು ಹರಿದು ಒಂದೇ ಹೊಳೆಗೆ ಸೇರುವ ಪ್ರದೇಶವನ್ನು, ವಿವರಿಸಲು ಹೆಚ್ಚು ಶ್ರಮ ಬೇಕಾಗುವುದಿಲ್ಲ.

ಹೀಗೆ ಹೋಗುವಾಗ ಪರದೆಯ ಮೂಲೆಯಲ್ಲಿರುವ ಅಳತೆಪಟ್ಟಿಯನ್ನು ಎಂದೂ ಮರೆಮಾಡಬೇಡಿ. ಎರಡು ಬೆರಳುಗಳಿಂದ ಹಿಗ್ಗಿಸಿದಾಗ ಊರೇ ದೊಡ್ಡದಾಯಿತೆಂದು ಚಿಕ್ಕ ಮಕ್ಕಳು ಭಾವಿಸುವುದುಂಟು. ಪ್ರತಿ ಸಲ ಹಿಗ್ಗಿಸಿದಾಗಲೂ ನಿಲ್ಲಿಸಿ, ಈಗ ಒಂದು ಗೇಣು ಎಂದರೆ ನೆಲದ ಮೇಲೆ ಎಷ್ಟು ದೂರ ಎಂದು ಅವರಿಂದಲೇ ಹೇಳಿಸಬೇಕು.

ಉತ್ತರ 3: ಮಂಜೇಶ್ವರದ ಐಟಿ ಸಂಯೋಜಕ

ಸಾಮಗ್ರಿಗಳ ಬಗ್ಗೆ ಕೇಳಿದ್ದೀರಿ. ಮಾರ್ಬಲ್ ಎಂಬ ಸ್ವತಂತ್ರ ತಂತ್ರಾಂಶ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಅದರ ಮೂಲ ಭೂಪಟಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ. ಹಗಲು ರಾತ್ರಿಯ ಗಡಿ ಭೂಮಿಯ ಮೇಲೆ ಸರಿಯುವುದನ್ನೂ ಅದರಲ್ಲಿ ತೋರಿಸಬಹುದು. ಅದೇ ಭೂಪಟವನ್ನು ಒಮ್ಮೆ ಗೋಲವಾಗಿ, ಒಮ್ಮೆ ಮರ್ಕೇಟರ್ ವಿಧಾನದಲ್ಲಿ ಚಪ್ಪಟೆಯಾಗಿ ತೋರಿಸಿ. ಚಪ್ಪಟೆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ವಾಸ್ತವದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಇನ್ನು ಯಾರು ಬೇಕಾದರೂ ತಿದ್ದಬಹುದಾದ ಉಚಿತ ಆನ್‌ಲೈನ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿಯೊಂದು ಸ್ಥಳಕ್ಕೂ ಕನ್ನಡದ ಹೆಸರನ್ನು ಪ್ರತ್ಯೇಕವಾಗಿ ಸೇರಿಸುವ ಅವಕಾಶವಿದೆ; ನಮ್ಮ ಗಡಿನಾಡಿನ ಅಧ್ಯಾಪಕರು ತಮ್ಮ ತಮ್ಮ ಊರಿನ ಹೆಸರುಗಳನ್ನು ಸೇರಿಸುತ್ತಾ ಬಂದರೆ ಕನ್ನಡ ನಕ್ಷೆ ಇಲ್ಲವೆಂಬ ಕೊರತೆ ಬಹಳಷ್ಟು ನೀಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದುದರಿಂದ, ಬೇಕಾದ ಚಿತ್ರಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದ ಟೀಚರ್

ಎಲ್ಲರಿಗೂ ವಂದನೆಗಳು. ನಕ್ಷೆಯನ್ನು ತಿರುಗಿಸಿಡುವ ಉಪಾಯ ನನಗೆ ಹೊಳೆದಿರಲಿಲ್ಲ. ಸೋಮವಾರವೇ ಅಂಗಳದಲ್ಲಿ ಕೋಲು ನೆಡುತ್ತೇವೆ. ಇನ್ನೊಂದು ಯೋಚನೆ ಬಂದಿದೆ. ನಮ್ಮ ಮಕ್ಕಳ ಮನೆಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿವೆ, ಕೆಲವರ ಮನೆಯಲ್ಲಿ ಇಂದಿಗೂ ಕುಡಿಯುವ ನೀರು ಅವುಗಳಿಂದಲೇ ಬರುತ್ತದೆ. ಅಡಿಕೆ ತೋಟದ ನೆರಳಿನಲ್ಲಿ, ಮಣ್ಣಿನೊಳಗೆ ಇರುವ ಅವು ಯಾವ ಉಪಗ್ರಹ ಚಿತ್ರದಲ್ಲಿಯೂ ಕಾಣುವುದಿಲ್ಲ. ಮಕ್ಕಳು ಹಿರಿಯರೊಂದಿಗೆ ಹೋಗಿ ಸುರಂಗದ ಬಾಯಿ ಯಾವ ದಿಕ್ಕಿಗಿದೆ, ಮನೆಯಿಂದ ಎಷ್ಟು ಹೆಜ್ಜೆ ದೂರ ಎಂದು ಬರೆದು ತಂದರೆ, ಬೋರ್ಡಿನ ಮೇಲಿನ ಚಿತ್ರದಲ್ಲಿ ಅವರಿಂದಲೇ ಗುರುತು ಹಾಕಿಸಬಹುದೆಂದು ಭಾವಿಸಿದ್ದೇನೆ. ಒಳಗೆ ಇಳಿಯಬಾರದೆಂದು ಮನೆಯವರಿಗೂ ತಿಳಿಸುತ್ತೇನೆ. ಹೆಜ್ಜೆಯ ಲೆಕ್ಕವನ್ನು ಮೀಟರಿಗೆ ಬದಲಾಯಿಸುವುದನ್ನು ಈ ವಯಸ್ಸಿನವರಿಗೆ ಸರಳವಾಗಿ ಕಲಿಸಿದವರಿದ್ದರೆ ದಯವಿಟ್ಟು ಬರೆಯಿರಿ.