ಸಹಾಯ ಬೇಕು: ಬಾಡಿಗೆ ಮನೆ ನಿರಾಕರಣೆ ಕುರಿತ ಪ್ರಬಂಧಕ್ಕೆ ಮಾಹಿತಿ

ಬಳಗದ ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ದಲಿತರು, ಮುಸ್ಲಿಮರು ಹಾಗೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಬಾಡಿಗೆ ಮನೆ ನಿರಾಕರಿಸುವ ಬಗೆಗಳನ್ನು ಹೋಲಿಸಿ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಯಾರ ನೋವು ಹೆಚ್ಚೆಂದು ತೂಗುವುದು ನನ್ನ ಉದ್ದೇಶವಲ್ಲ. ನಿರಾಕರಣೆ ಯಾವ ಹಂತದಲ್ಲಿ, ಯಾವ ನೆಪದಲ್ಲಿ ನಡೆಯುತ್ತದೆ ಎಂಬುದೇ ಪ್ರಶ್ನೆ. ಮುಸ್ಲಿಮರಿಗೆ ಎಷ್ಟೋ ವೇಳೆ ಫೋನಿನಲ್ಲಿ ಹೆಸರು ಹೇಳಿದ ಕೂಡಲೇ "ಈಗಷ್ಟೇ ಅಡ್ವಾನ್ಸ್ ತಗೊಂಡ್ವಿ" ಎಂಬ ಉತ್ತರ ಬರುತ್ತದೆ. ದಲಿತರಿಗಾದರೆ ಮನೆ ತೋರಿಸಿ, ಊರು, ಮನೆದೇವರು, ಊಟದ ಪದ್ಧತಿಗಳನ್ನೆಲ್ಲ ವಿಚಾರಿಸಿಕೊಂಡ ಮೇಲೆ ಮಾತು ತಿರುಗುತ್ತದೆ. ("ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ಇಬ್ಬರನ್ನೂ ಒಟ್ಟಿಗೇ ಹೊರಗಿಡುವ ಸಭ್ಯ ಉಪಾಯವೆಂದು ನನ್ನ ಅನಿಸಿಕೆ.)

ಕಾನೂನಿನ ರಕ್ಷಣೆಯೂ ಸಮನಾಗಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯ್ದೆ ಬಾಡಿಗೆ ಮನೆಯ ವಿಷಯದಲ್ಲಿ ತಾರತಮ್ಯವನ್ನು ಹೆಸರಿಸಿಯೇ ನಿಷೇಧಿಸಿದೆ. ದಲಿತರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯಿದೆ. ಧರ್ಮದ ಕಾರಣಕ್ಕೆ ಖಾಸಗಿ ಮಾಲೀಕರು ಮನೆ ಕೊಡದಿದ್ದರೆ ಅದನ್ನು ತಡೆಯುವ ಪ್ರತ್ಯೇಕ ಕೇಂದ್ರ ಕಾಯ್ದೆಯೇ ಇಲ್ಲ. ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರೈಸ್ತರಾದ ದಲಿತರ ಸ್ಥಿತಿ: 1950ರ ರಾಷ್ಟ್ರಪತಿ ಆದೇಶದಂತೆ ಅವರು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿಯುವುದರಿಂದ, ಜಾತಿಯ ಕಾರಣಕ್ಕೇ ಮನೆ ತಪ್ಪಿದರೂ 1989ರ ಕಾಯ್ದೆಯ ಆಸರೆ ಅವರಿಗೆ ದೊರೆಯದು. ಹೋಲಿಕೆಯಲ್ಲಿ ಇವರನ್ನು ಯಾವ ಗುಂಪಿನೊಡನೆ ಇಡಬೇಕೆಂದು ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಇಂಥ ಪ್ರಕರಣಗಳನ್ನು ನಡೆಸಿದ ವಕೀಲರು, ಸ್ವತಃ ಮನೆ ಹುಡುಕಿ ಅಲೆದವರು, ಬಾಡಿಗೆ ಕೊಡುವ ಮಾಲೀಕರು ಅಥವಾ ಬ್ರೋಕರುಗಳು ದಯವಿಟ್ಟು ಖಾಸಗಿಯಾಗಿ ಸಂದೇಶ ಕಳುಹಿಸಿ. ಹೆಸರು, ಬಡಾವಣೆ ಯಾವುದನ್ನೂ ಪ್ರಬಂಧದಲ್ಲಿ ಬಳಸುವುದಿಲ್ಲ.