ಕ್ಯಾಂಟರ್‌ಬರಿಗೆ ಪೂರ್ತಿ ನಡೆದವರು ಯಾರು?

ಲಂಡನ್ನಿನಲ್ಲಿ ಸ್ವಲ್ಪ ಬಿಸಿಲು ಕಂಡರೆ ಸಾಕು, ನಮ್ಮ ಗುಂಪಿನಲ್ಲಿ ಯಾರಿಗಾದರೂ ಒಬ್ಬರಿಗೆ ವಾಕಿಂಗ್ ಹುಚ್ಚು ಹಿಡಿಯುತ್ತದೆ. ಈ ಸಲ ಪ್ರಸನ್ನನ ಸರದಿ. ರಾಘು ಮನೆಯಲ್ಲಿ ಎಲ್ಲರೂ ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಕೂತಿದ್ದೆವು. ಅವನು ಕೈಗಡಿಯಾರದಲ್ಲಿ ಆ ದಿನದ ಹೆಜ್ಜೆ ಲೆಕ್ಕ ನೋಡಿಕೊಂಡು, "ಮುಂದಿನ ಶನಿವಾರ ಕ್ಯಾಂಟರ್‌ಬರಿ, ಅಲ್ಲಿಂದ ವಿಟ್‌ಸ್ಟೆಬಲ್ ಕಡಲತೀರದ ತನಕ ನಡಿಗೆ" ಎಂದು ಘೋಷಿಸಿದ. ಕ್ಯಾಂಟರ್‌ಬರಿ ಅಂದರೆ ಇಂಗ್ಲೆಂಡಿನ ಹಳೇ ಯಾತ್ರಾಸ್ಥಳ.

"ಎಷ್ಟು ದೂರ?"

"ಸುಮಾರು 12 ಕಿಲೋಮೀಟರ್ ಅಷ್ಟೇ."

ರಾಘು ತಟ್ಟೆ ಕೆಳಗಿಟ್ಟ. ಖಾಲಿಯಾಗದ ತಟ್ಟೆಯನ್ನು ಅವನು ಕೆಳಗಿಡುವುದು ತೀರಾ ಅಪರೂಪ. "ಲೋ, ನಮ್ಮಮ್ಮ ಇದ್ದಾರೆ ಕಣೋ. ಅವರಿಗೆ ಮಂಡಿನೋವು." ಅಮ್ಮ ಹಾಸನದಿಂದ ಬಂದಾಗಿನಿಂದ ಇವನ ಸೋಮಾರಿತನಕ್ಕೆಲ್ಲ ಅವರ ಮಂಡಿಯೇ ಆಧಾರ. ಆಂಟಿ ಒಳಗೆ ಚಹಾ ಸೋಸುತ್ತಿದ್ದರು, ಏನೂ ಹೇಳಲಿಲ್ಲ.

ವಿನುತಾಗೆ ಅಷ್ಟೇ ಬೇಕಿತ್ತು. ಎಲ್ಲಿಗೆ ಹೋದರೂ ಬೋರ್ಡಿನ ಮೇಲಿನ ಕೊನೆಯ ಸಾಲಿನ ತನಕ ಓದುವ ಹೆಂಗಸು ಅವಳು. "ರಾಘು, ನೀನು ಹೆದರಬೇಡ. ಆ ಊರಿಗೆ ಪೂರ್ತಿ ನಡೆದುಕೊಂಡು ಹೋದ ದೊಡ್ಡವರು ಕಡಿಮೆ. ಇಂಗ್ಲೆಂಡಿನ ಎರಡನೇ ಹೆನ್ರಿ ರಾಜನನ್ನೇ ತಗೋ."

"ಯಾರವನು?"

"ಥಾಮಸ್ ಬೆಕೆಟ್ ಅಂತ ಆರ್ಚ್‌ಬಿಷಪ್ ಇದ್ದರಲ್ಲ, ಕ್ಯಾಂಟರ್‌ಬರಿಯ ಹಿರಿಯ ಧರ್ಮಗುರು, ರಾಜನ ಹಳೇ ಗೆಳೆಯ. ಆಮೇಲೆ ಇಬ್ಬರಿಗೂ ಜಗಳ. ರಾಜ ಸಿಟ್ಟಲ್ಲಿ ಏನೋ ಕೂಗಾಡಿದ. ಅದನ್ನೇ ಅಪ್ಪಣೆ ಅಂದುಕೊಂಡು ನಾಲ್ಕು ಜನ ನೈಟ್‌ಗಳು, ಅಂದರೆ ಸವಾರ ಯೋಧರು, ಹೋಗಿ 1170ರ ಡಿಸೆಂಬರ್ 29ರಂದು ಕೆಥೆಡ್ರಲ್ ಅನ್ನೋ ಆ ಊರಿನ ದೊಡ್ಡ ಚರ್ಚಿನ ಒಳಗೇ ಅವರನ್ನು ಕೊಂದರು. ಜನ ಬೆಕೆಟ್‌ನನ್ನು ಸಂತ ಅಂತ ಪೂಜಿಸತೊಡಗಿದರು. ರಾಜ 1174ರಲ್ಲಿ ಪ್ರಾಯಶ್ಚಿತ್ತಕ್ಕೆ ಬಂದ. ಸೇಂಟ್ ಡನ್‌ಸ್ಟನ್ ಚರ್ಚಿನ ಹತ್ತಿರ ರಾಜವೇಷ ಕಳಚಿ, ಬರಿಗಾಲಲ್ಲಿ ಕೆಥೆಡ್ರಲ್ ತನಕ ನಡೆದು, ಸನ್ಯಾಸಿಗಳ ಕೈಲಿ ಏಟು ತಿಂದ."

"ಅದು ಎಷ್ಟು ದೂರ?" ಪ್ರಸನ್ನನಿಗೆ ಹೆಜ್ಜೆ ಲೆಕ್ಕದ ಚಿಂತೆ.

"ಒಂದು ಕಿಲೋಮೀಟರ್ ಆದೀತು. ಆ ಚರ್ಚು ಕ್ಯಾಂಟರ್‌ಬರಿ ವೆಸ್ಟ್ ಸ್ಟೇಷನ್ನಿಗೆ ಹತ್ತಿರವೇ ಇದೆ."

ರಾಘು ತಟ್ಟೆ ಮತ್ತೆ ಕೈಗೆತ್ತಿಕೊಂಡ. "ನೋಡ್ರಪ್ಪ! ಕೊಲೆಯ ಪಾಪ ಕಳೆಯಲಿಕ್ಕೇ ಒಂದು ಕಿಲೋಮೀಟರ್ ಸಾಕಾಯಿತಂತೆ. ನಾನು ಆಫೀಸಿನಲ್ಲಿ ಮೀಟಿಂಗ್ ತಪ್ಪಿಸಿದವನು ಅಷ್ಟೇ. ನನಗೆ 12 ಯಾಕೆ?"

ಆ ದಾರಿ ನಿಜವಾಗಿಯೂ ಸುಲಭದ್ದು. ಸೇಂಟ್ ಪ್ಯಾಂಕ್ರಸ್‌ನಿಂದ ವೇಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆ. ಸ್ಟೇಷನ್ನಿನಿಂದ ಕೊಂಚ ನಡೆದರೆ ವೆಸ್ಟ್‌ಗೇಟ್ ಎಂಬ ಕೋಟೆ ಬಾಗಿಲು, ಎರಡು ದುಂಡು ಗೋಪುರಗಳದ್ದು, 1380ರ ಸುಮಾರಿನದು. ಬಾಗಿಲು ದಾಟಿದರೆ ನೇರ ಪೇಟೆ ಬೀದಿ, ಸ್ಟೌರ್ ನದಿಯ ಮೇಲೆ ಸಣ್ಣ ಸೇತುವೆ, ಎಡಕ್ಕೆ ತಿರುಗಿದರೆ ಕೆಥೆಡ್ರಲ್. ಊರಿನ ಉಳಿದ ಕೋಟೆ ಬಾಗಿಲುಗಳೆಲ್ಲ ನೆಲಸಮವಾದವು, ಇದೊಂದು ಉಳಿಯಿತು. "ಯಾಕೆ ಗೊತ್ತಾ?" ಎಂದಳು ವಿನುತಾ. "ಅದನ್ನು ಜೈಲು ಮಾಡಿಕೊಂಡಿದ್ದರು. ಕಳ್ಳರು ಇದ್ದದ್ದರಿಂದ ಬಾಗಿಲು ಬಚಾವಾಯಿತು."

ರೋಶನ್ ಅಲ್ಲಿಯ ತನಕ ಸುಮ್ಮನಿದ್ದ. ಅವನು ಮಂಗಳೂರಿನವನು, ಇಗರ್ಜಿ ಮತ್ತು ಕಡಲು ಎರಡರಲ್ಲೂ ಕೊನೆಯ ಮಾತು ತನ್ನದು ಎಂದು ನಂಬಿದವನು. "ಕೆಥೆಡ್ರಲ್ ಒಳಗೆ ಹೋಗಲಿಕ್ಕೆ ಟಿಕೆಟ್ ಉಂಟಲ್ಲ ಮಾರಾಯ. ದೇವರನ್ನು ನೋಡಲಿಕ್ಕೆ ಟಿಕೆಟ್ಟಾ?"

"ಪ್ರವಾಸಿಗಳಿಗೆ ಟಿಕೆಟ್. ಪ್ರಾರ್ಥನೆಗೆ ಬಂದವರ ಹತ್ತಿರ ದುಡ್ಡು ಕೇಳುವುದಿಲ್ಲ. ಸಂಜೆ ಹೊತ್ತು ಹೋದರೆ ಹುಡುಗರ ಹಾಡೂ ಕೇಳಬಹುದು," ಎಂದಳು ವಿನುತಾ.

"ಸರಿ ಹಾಗಾದರೆ," ಎಂದ ರಾಘು. "ಸಂಜೆ ತನಕ ಎದುರಿನ ಚಹಾ ಅಂಗಡಿಯಲ್ಲಿ ಕೂತು ಭಕ್ತಿ ಬೆಳೆಸಿಕೊಳ್ಳೋಣ."

ನಾನು ಟಿಕೆಟ್ ಪಕ್ಷದವಳು. ಆ ದುಡ್ಡಿಗೆ ಮೋಸವಿಲ್ಲ. 597ರಲ್ಲಿ ರೋಮಿನಿಂದ ಬಂದ ಅಗಸ್ಟೀನ್ ಎಂಬ ಸನ್ಯಾಸಿ ಶುರು ಮಾಡಿದ ಜಾಗ ಅದು. ಈಗಿನ ಕಟ್ಟಡ ಆಮೇಲಿನದು. ಬೆಕೆಟ್‌ನ ಸಮಾಧಿಯನ್ನು 1538ರಲ್ಲಿ ಎಂಟನೇ ಹೆನ್ರಿ ಒಡೆಸಿ ಹಾಕಿದ. ಆ ಜಾಗದಲ್ಲಿ ಈಗ ನೆಲದ ಮೇಲೆ ಒಂದೇ ಒಂದು ಮೇಣದಬತ್ತಿ ಉರಿಯುತ್ತದೆ. ಅಲ್ಲಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ಸವೆದು ಹಳ್ಳ ಬಿದ್ದಿವೆ. ಭಕ್ತರು ಮಂಡಿಯೂರಿಕೊಂಡೇ ಅವನ್ನು ಹತ್ತುತ್ತಿದ್ದರು.

"ಉರುಳು ಸೇವೆ ಇದ್ದ ಹಾಗೆ ಅನ್ನಿ," ಎಂದು ಚಹಾ ತಂದ ಆಂಟಿ ಕೂತರು. "ಅವರ ಮಂಡಿಗಳು ಗಟ್ಟಿಯಿದ್ದವು."

ರಾಘು ತಕ್ಷಣ, "ಅದೇ ಅಮ್ಮ, ನಿಮ್ಮ ಮಂಡಿ..." ಎಂದು ಶುರು ಮಾಡಿದ. ವಿನುತಾ ಬಿಡಲಿಲ್ಲ. ಚಾಸರ್ ಕಡೆಗೆ ಹೊರಟುಬಿಟ್ಟಳು.

ನನಗೆ ಈ ಇಡೀ ವಿಷಯದಲ್ಲಿ ಇಷ್ಟವಾದದ್ದು ಚಾಸರ್ ಭಾಗವೇ. 14ನೇ ಶತಮಾನದ ಈ ಕವಿ ಲಂಡನ್ನಿನ ಸದರ್ಕ್‌ನಿಂದ ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರ ಕಥೆ ಬರೆದ. ಪಾದಯಾತ್ರೆ ಎಂದುಕೊಂಡರೆ ತಪ್ಪು, ಎಲ್ಲರೂ ಕುದುರೆ ಮೇಲೆ. ದಾರಿಯುದ್ದಕ್ಕೂ ಕಥೆ ಹೇಳುವುದೇ ಕೆಲಸ. ಹೋಗುವಾಗ ಎರಡು, ಬರುವಾಗ ಎರಡು, ಯಾರ ಕಥೆ ಚೆನ್ನಾಗಿದೆಯೋ ಅವರಿಗೆ ಉಳಿದವರ ಖರ್ಚಿನಲ್ಲಿ ಊಟ ಎಂದು ಹೋಟೆಲಿನ ಯಜಮಾನ ಪಂದ್ಯ ಕಟ್ಟುತ್ತಾನೆ. (ಊಟ ಅವನ ಹೋಟೆಲಿನಲ್ಲೇ. ವ್ಯಾಪಾರಿ ಅಂದರೆ ಅವನು.) ಪುಸ್ತಕ ಮುಗಿಯುವುದರೊಳಗೆ ಕವಿ ತೀರಿಕೊಂಡ. ಹೀಗಾಗಿ ಪುಸ್ತಕದಲ್ಲಿ ಆ ಗುಂಪು ಕ್ಯಾಂಟರ್‌ಬರಿ ತಲುಪುವುದೇ ಇಲ್ಲ.

"ಹರಟೆ ಹೊಡೆದು ಹೊಡೆದು ಊರೇ ಸೇರಲಿಲ್ಲವಾ!" ರಾಘು ಕಣ್ಣಲ್ಲಿ ನೀರು ಬರುವಷ್ಟು ಸಂತೋಷಪಟ್ಟ. "ಇವರು ನಮ್ಮವರು ಕಣ್ರೋ."

ಪ್ರಸನ್ನ ಸೋಲುವವನಲ್ಲ. "ಆದರೆ ಕಡಲಿನ ದಾರಿ ಬೇರೆ. ಕ್ರ್ಯಾಬ್ ಆ್ಯಂಡ್ ವಿಂಕಲ್ ದಾರಿ ಅಂತ. ಕೆಲವು ಕಡೆ ಹಳೇ ರೈಲು ಹಳಿ ಹಾದುಹೋದ ಜಾಗದಲ್ಲೇ ಸಾಗುತ್ತೆ. 1830ರ ಮೇ 3ರಂದು ಶುರುವಾದ ರೈಲು ಅದು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿಗಿಂತ ಮೊದಲು! ರೈಲು ಇಂಜಿನ್ ಮಾಡುತ್ತಿದ್ದ ಸ್ಟೀವನ್‌ಸನ್ ಕಡೆಯವರು ಇನ್ವಿಕ್ಟಾ ಅನ್ನೋ ಇಂಜಿನ್ ಕೊಟ್ಟಿದ್ದರು."

"ಏರು ಇದೆಯಾ?"

"ಸ್ವಲ್ಪ. ಯೂನಿವರ್ಸಿಟಿ ಕಡೆ ಹತ್ತಬೇಕು. ಮೇಲಿನಿಂದ ಕೆಥೆಡ್ರಲ್ ಗೋಪುರ ಕಾಣುತ್ತೆ. ಆಮೇಲೆ ಕಾಡು, ನಡುವೆ ಒಂದು ಕೆರೆ, ಕೂತು ತಿನ್ನಲಿಕ್ಕೆ ಜಾಗ."

"ಆ ಕೆರೆ ಯಾಕಿದೆ ಅಂತ ಹೇಳಲೇ ಇಲ್ಲವಲ್ಲ," ಎಂದಳು ವಿನುತಾ. ಪ್ರಸನ್ನನ ಮುಖ ಸಣ್ಣದಾಯಿತು. ಸಂಗತಿ ಏನೆಂದರೆ, ಇನ್ವಿಕ್ಟಾಗೆ ಏರು ಎಳೆಯುವ ತಾಕತ್ತು ಇರಲಿಲ್ಲ. ಗುಡ್ಡದ ಮೇಲೆ ಬೇರೆ ಹಬೆ ಇಂಜಿನ್‌ಗಳನ್ನು ನಿಲ್ಲಿಸಿ, ಹಗ್ಗ ಕಟ್ಟಿ ಗಾಡಿಗಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಕೆರೆ ಆ ಇಂಜಿನ್ನಿನ ನೀರಿಗೆ. ಇನ್ವಿಕ್ಟಾ ವಿಟ್‌ಸ್ಟೆಬಲ್ ಕಡೆಯ ಸಪಾಟು ಜಾಗದಲ್ಲಿ ಮಾತ್ರ ಓಡಿತು. ಈಗ ಅದೇ ಊರಿನ ಮ್ಯೂಸಿಯಮ್ಮಿನಲ್ಲಿ ಆರಾಮಾಗಿ ನಿಂತಿದೆ.

"ಇಂಜಿನ್ನಿಗೇ ಆಗಲಿಲ್ಲ!" ರಾಘು ಎದ್ದೇ ನಿಂತ. "ನನ್ನನ್ನು ಹಗ್ಗ ಕಟ್ಟಿ ಎಳೀತೀರಾ? ಇಲ್ಲ ಅಂದರೆ ನಾನು ಬಸ್ಸು."

ಬಸ್ಸೂ ಕೆಟ್ಟದ್ದಲ್ಲ. ವಿಟ್‌ಸ್ಟೆಬಲ್‌ನಲ್ಲಿ ಇಳಿದರೆ ಬಂದರು ಹತ್ತಿರವೇ ಇದೆ. ಮೀನುಗಾರರ ಕಪ್ಪು ಮರದ ಗುಡಿಸಲು, ಆಯ್ಸ್ಟರ್ ಎಂಬ ಚಿಪ್ಪುಮೀನಿನ ಅಂಗಡಿ, ಸಂದುಗೊಂದಿ ಓಣಿಗಳು. ಒಂದು ಓಣಿ ಎಷ್ಟು ಕಿರಿದು ಅಂದರೆ ಹುಡುಗರನ್ನು ಅಟ್ಟಿಸಿಕೊಂಡು ಬಂದ ದಪ್ಪ ಪೊಲೀಸಪ್ಪ ಅಲ್ಲೇ ಸಿಕ್ಕಿಕೊಂಡನಂತೆ. ಇದನ್ನು ಹೇಳುವಾಗ ಎಲ್ಲರೂ ಬೇಕಂತಲೇ ರಾಘುವಿನ ಕಡೆ ನೋಡಲಿಲ್ಲ. ಅಲ್ಲಿಂದ ಟ್ಯಾಂಕರ್ಟನ್ ತನಕ ಕಡಲಂಚಿನ ಸಪಾಟು ದಾರಿ, ಸಾಲಾಗಿ ಬಣ್ಣದ ಗೂಡುಮನೆಗಳು, ದೂರದ ನೀರಲ್ಲಿ ಗಾಳಿಯಂತ್ರಗಳು.

"ಆದರೆ ಅದಕ್ಕೆ ಬೀಚು ಅಂತ ಹೇಳಬೇಡಿ," ಎಂದ ರೋಶನ್. "ಬರೀ ಜಲ್ಲಿಕಲ್ಲು. ಪಣಂಬೂರಿನಲ್ಲಿ ಬೆಳೆದವನಿಗೆ ಅದು ರಸ್ತೆ ಕಾಮಗಾರಿ ಅನ್ನಿಸುತ್ತದೆ. ಆಯ್ಸ್ಟರ್ ಹಸೀ ನುಂಗುತ್ತಾರೆ, ಮಸಾಲೆ ಇಲ್ಲ. ನಮ್ಮ ಮರುವಾಯಿ ಸುಕ್ಕ ಒಮ್ಮೆ ತಿನ್ನಿಸಬೇಕು ಇವರಿಗೆ."

"ನೀನು ಹೋದ ಸಲ ಒಂದು ಡಜನ್ ನುಂಗಿದೆಯಲ್ಲ."

"ತನಿಖೆ ಮಾಡಲಿಕ್ಕೆ."

ಅವನೂ ಮೆಚ್ಚಿದ ಜಾಗ ಒಂದಿದೆ, ಟ್ಯಾಂಕರ್ಟನ್ ಎದುರಿನ 'ದ ಸ್ಟ್ರೀಟ್'. ಇಳಿತದ ಹೊತ್ತಿಗೆ ಕಡಲ ನಡುವೆ ಜಲ್ಲಿಕಲ್ಲಿನ ದಿಬ್ಬವೊಂದು ಅರ್ಧ ಮೈಲಿಯಷ್ಟು ಏಳುತ್ತದೆ, ಎರಡೂ ಕಡೆ ನೀರು, ನಡುವೆ ನೀವು. ಇಳಿತದ ವೇಳೆ ನೋಡಿಕೊಂಡೇ ಹೋಗಬೇಕು. ಭರತ ಶುರುವಾದ ಮೇಲೂ ಫೋಟೋ ತೆಗೆಯುತ್ತಾ ನಿಲ್ಲಬಾರದು. ತುದಿಯಲ್ಲಿ ಸೆಳೆತ ಜೋರು, ಈಜಲು ಇಳಿಯಲೇಬಾರದು. ಇದನ್ನು ಹೇಳುವಾಗ ಮಾತ್ರ ರೋಶನ್ ತಮಾಷೆ ಮಾಡಲಿಲ್ಲ.

ಕೊನೆಗೆ ರಾಘು ತೀರ್ಪು ಕೊಟ್ಟ. "ಸ್ಟೇಷನ್ನಿನಿಂದ ಕೆಥೆಡ್ರಲ್, ರಾಜ ನಡೆದಷ್ಟು. ಆಮೇಲೆ ಬಸ್ಸು. ಅಮ್ಮನ ಮಂಡಿಗೋಸ್ಕರ."

ಆಂಟಿ ಲೋಟ ಕೆಳಗಿಟ್ಟರು. "ನನ್ನ ಮಂಡಿಯ ಹೆಸರು ಹೇಳಿಕೊಂಡು ನೀನು ಎಷ್ಟು ದಿನ ಬದುಕುತ್ತೀಯಪ್ಪಾ? ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದುಕೊಂಡು ಹೋದವಳು ನಾನು. ಚಾರ್ಮಾಡಿ ಘಾಟಿ ಇಳಿದಿದ್ದೀನಿ. ಮಂಡಿ ನೋಯುವುದು ನಿಮ್ಮ ಮನೆ ಮೆಟ್ಟಿಲು ಹತ್ತಿ ಇಳಿದು. ಪ್ರಸನ್ನ, ಆ ಇಂಜಿನ್ ಹತ್ತದ ಗುಡ್ಡ ಎಷ್ಟು ಎತ್ತರ ಇದೆಯಪ್ಪ?"

"ಜಾಸ್ತಿ ಇಲ್ಲ ಆಂಟಿ."

"ಹಾಗಾದರೆ ನಾನು, ನೀನು, ವಿನುತಾ ನಡೆದು ಬರುತ್ತೀವಿ. ಇವನು ಬಸ್ಸಲ್ಲಿ ಬರಲಿ. ಆ ಕವಿಯ ಪಂದ್ಯವನ್ನೂ ಇಟ್ಟುಕೊಳ್ಳೋಣ, ಕಥೆ ನಾನು ಹೇಳುತ್ತೀನಿ. ಇವನು ಐದನೇ ಕ್ಲಾಸಿನಲ್ಲಿ ಓಟದ ಸ್ಪರ್ಧೆಯ ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದ ಅನ್ನೋದರಿಂದ ಶುರು ಮಾಡೋಣ."

ರಾಘು ಒಂದು ಕ್ಷಣ ಯೋಚಿಸಿದ. "ಅಮ್ಮ, ನಾನೂ ನಡೀತೀನಿ," ಎಂದ. "ಕಥೆ ಬೇಡ, ಊಟ ನಾನೇ ಕೊಡಿಸ್ತೀನಿ."